ಬೀಚಿನಲ್ಲಿ ಮೊಬೈಲಿನಿಂದ ತೆಗೆದ ವಿಡಿಯೋದಲ್ಲಿ ಹೆಜ್ಜೆ ಸದ್ದು ಏಕೆ ಕೇಳುವುದಿಲ್ಲ? ಏನು ಮಾಡಬಹುದು?

ಕಾರವಾರದ ಟಾಗೋರ್ ಬೀಚಿನಂಥ ಕಡೆ ಅಲೆಯ ಮೊರೆತವೇ ಹೆಜ್ಜೆ ಸದ್ದನ್ನು ಮುಚ್ಚಿಬಿಡುತ್ತದೆ. ಅಲೆಯಲ್ಲಿ ತಗ್ಗಿನಿಂದ ಏರಿನವರೆಗೆ ಎಲ್ಲ ಸ್ವರಗಳೂ ಬೆರೆತಿರುವುದರಿಂದ ಮರಳಿನ ಸರಪರವನ್ನು ಆಮೇಲೆ ಸಾಫ್ಟ್‌ವೇರಿನಲ್ಲಿ ಹೆಕ್ಕಿ ತೆಗೆಯುವುದು ಕಷ್ಟ. ಮೇಲಾಗಿ ಗಾಳಿ ಮೈಕಿಗೆ ಬಡಿದಾಗ ಮೊಬೈಲ್ ಸಾಮಾನ್ಯವಾಗಿ ತಾನಾಗಿಯೇ ರೆಕಾರ್ಡಿಂಗ್ ಮಟ್ಟ ಇಳಿಸುತ್ತದೆ.

ಆದ್ದರಿಂದ ಹೆಜ್ಜೆಯನ್ನು ಮನೆಯಲ್ಲಿ ಮತ್ತೆ ಮಾಡಿ ಕೂರಿಸಬೇಕು. ದೃಶ್ಯಕ್ಕೆ ತಕ್ಕ ಸದ್ದನ್ನು ಹೀಗೆ ಆಮೇಲೆ ಮಾಡಿ ಸೇರಿಸುವುದೇ ಫೋಲಿ. ದಪ್ಪ ಕಂಬಳಿಯ ಮೇಲೆ ಅಗಲ ಟ್ರೇ ಇಟ್ಟು ನಾಲ್ಕು ಬೆರಳು ಎತ್ತರಕ್ಕೆ ಒಣ ಮರಳು ತುಂಬಿ. ತೆಳುವಾದರೆ ಟ್ರೇಯ ತಳ ಟಕ್ ಟಕ್ ಎನ್ನುತ್ತದೆ. ಮೈಕ್ ಒಂದಡಿ ದೂರದಲ್ಲಿರಲಿ, ಫ್ಯಾನ್ ಬಂದ್. ವಿಡಿಯೋ ನೋಡುತ್ತಾ ನಿಂತಲ್ಲೇ ಪಾದವನ್ನು ಹಿಮ್ಮಡಿಯಿಂದ ಬೆರಳಿನತ್ತ ಹೊರಳಿಸಿ. ಸುಮ್ಮನೆ ಕುಕ್ಕಿದರೆ ನಡಿಗೆ ಎನಿಸದು. ಜೋಡಿಸುವಾಗ ಹಿಮ್ಮಡಿ ತಾಗುವ ಫ್ರೇಮನ್ನೇ (ವಿಡಿಯೋದ ಒಂದು ಬಿಡಿ ಚಿತ್ರ) ಹಿಡಿಯಿರಿ: ಸೆಕೆಂಡಿಗೆ 30 ಫ್ರೇಮಿನ ವಿಡಿಯೋದಲ್ಲಿ ಒಂದು ಫ್ರೇಮ್ ಸುಮಾರು 33 ಮಿಲಿಸೆಕೆಂಡ್, ಮೂರ್ನಾಲ್ಕು ತಪ್ಪಿದರೆ ಎಡವಟ್ಟು ಗೊತ್ತಾಗುತ್ತದೆ.

ಅಲೆಯ ಸದ್ದನ್ನು ಬೇರೆಯಾಗಿ, ಮೈಕಿಗೆ ಗಾಳಿತಡೆ ಹಾಕಿ ಎರಡು ನಿಮಿಷ ರೆಕಾರ್ಡ್ ಮಾಡಿ ಕೆಳಗೆ ಸಣ್ಣಗೆ ಹಾಸಿ. ಇದಿಲ್ಲದೆ ಹೆಜ್ಜೆ ಕೋಣೆಯೊಳಗಿನದು ಅನಿಸುತ್ತದೆ. ಶಿರಸಿ ಕಡೆಯ ತೋಟದ ದೃಶ್ಯವಾದರೆ ಮರಳಿನ ಬದಲು ಅಡಿಕೆಯ ಒಣ ಸೋಗೆ ಬಳಸಿ. ಮಳೆಗಾಲದ ಹಸಿ ಸೋಗೆ ಸದ್ದೇ ಕೊಡದು.