ಪಾಕ ಗಡಿಯಾರ ನೋಡುವುದಿಲ್ಲ: ಮೈಕ್ರೋವೇವ್ ಬ್ರಿಟಲ್ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲದ ಅಂಚೆಯಲ್ಲಿ ಮೈಕ್ರೋವೇವ್ ನಟ್ ಬ್ರಿಟಲ್‌ದೇ ಕಾರುಬಾರು. ಸಕ್ಕರೆ ಪಾಕಕ್ಕೆ ಬೀಜ ಹಾಕಿ ಮಾಡುವ, ಚಿಕ್ಕಿಯಂಥ ಗರಿಗರಿ ಸಿಹಿ ಅದು. ಒಲೆ ಮುಂದೆ ನಿಂತು ಪಾಕ ತಿರುಗಿಸುವ ಕೆಲಸವಿಲ್ಲ, ಕಾಲು ಗಂಟೆಯೊಳಗೆ ತಟ್ಟೆಗೆ ಬರುತ್ತದೆ ಅಂದರೆ ಯಾರಿಗೆ ಬೇಡ? ದೂರುಗಳು ಮಾತ್ರ ಎರಡೇ ಜಾತಿಯವು. ಒಂದೋ ಹಲ್ಲಿಗೆ ಅಂಟುತ್ತದೆ, ಇಲ್ಲ ಸುಟ್ಟು ಕಹಿಯಾಗಿದೆ. ಎರಡಕ್ಕೂ ಕಾರಣ ಒಂದೇ ಆದ್ದರಿಂದ ಅದರಿಂದಲೇ ಶುರು ಮಾಡೋಣ.

ಪ್ರಶ್ನೆ: ಒಟ್ಟು 7 ನಿಮಿಷ ಅಂತ ಬರೆದಿತ್ತು. ಲೆಕ್ಕ ತಪ್ಪದೆ ಅಷ್ಟೇ ಇಟ್ಟೆ. ಆರಿದ ಮೇಲೂ ಮುರಿಯಲಿಲ್ಲ, ಎಳೆದರೆ ಉದ್ದಕ್ಕೆ ಬಂತು. ಎಲ್ಲಿ ತಪ್ಪಿತು?

ನೀವು ತಪ್ಪಿಲ್ಲ. ಆ 7 ನಿಮಿಷ ಬರೆದವರ ಓವನ್‌ಗೆ ಸೇರಿದ್ದು, ನಿಮ್ಮದಕ್ಕಲ್ಲ. ನಿಮ್ಮ ಓವನ್ ಮೇಲಿನ ಲೇಬಲ್ ನೋಡಿ. ಅಲ್ಲಿ ಸಾಮಾನ್ಯವಾಗಿ ಎರಡು ವ್ಯಾಟ್ ಅಂಕಿ ಇರುತ್ತವೆ. ದೊಡ್ಡದು ಓವನ್ ಎಳೆದುಕೊಳ್ಳುವ ಕರೆಂಟಿನ ಲೆಕ್ಕ. ನಮಗೆ ಬೇಕಾದ್ದು ಚಿಕ್ಕದು, ಅಂದರೆ ಔಟ್‌ಪುಟ್. 1000 ವ್ಯಾಟ್ ಓವನ್‌ನಲ್ಲಿ 7 ನಿಮಿಷಕ್ಕೆ ಆಗುವ ಕೆಲಸ 700 ವ್ಯಾಟ್‌ನದರಲ್ಲಿ ಹೆಚ್ಚುಕಡಿಮೆ 10 ನಿಮಿಷ ತೆಗೆದುಕೊಳ್ಳುತ್ತದೆ. ನಿಮ್ಮ ಪಾಕ ಬೆಂದೇ ಇರಲಿಲ್ಲ, ಅಷ್ಟೇ.

ಪಾಕ ಕುದಿಯುತ್ತಾ ನೀರು ಹೋದಷ್ಟೂ ಅದರ ಬಿಸಿ ಏರುತ್ತದೆ. 132ರಿಂದ 143 ಡಿಗ್ರಿ ಸೆಲ್ಸಿಯಸ್ ನಡುವೆ ಇಳಿಸಿದರೆ ಆರಿದ ಮೇಲೂ ಬಾಗುತ್ತದೆ, ಹಲ್ಲು ಹಿಡಿಯುತ್ತದೆ. 146 ದಾಟಿ 154ರ ಒಳಗೆ ಇಳಿಸಿದರೆ ಗಾಜಿನ ಹಾಗೆ ಒಡೆಯುತ್ತದೆ. ಕ್ಯಾಂಡಿ ಥರ್ಮಾಮೀಟರ್ ಇದ್ದರೆ ಬೌಲ್ ಹೊರಗೆ ತೆಗೆದು ಅಳೆಯಿರಿ. ಮಾಮೂಲಿ ಥರ್ಮಾಮೀಟರ್ ಒಳಗಿಟ್ಟು ಓವನ್ ಓಡಿಸಬೇಡಿ.

ಥರ್ಮಾಮೀಟರ್ ಇಲ್ವಾ? ಒಂದು ಬಟ್ಟಲು ತಣ್ಣೀರು ಸಾಕು. ಪಾಕ ನಾಲ್ಕು ಹನಿ ಬಿಡಿ, ಒಂದು ಕ್ಷಣ ಬಿಟ್ಟು ಬೆರಳಲ್ಲಿ ತೆಗೆದು ಬಗ್ಗಿಸಿ. ಬಗ್ಗಿದರೆ ಬೌಲ್ ವಾಪಸ್ ಒಳಗೆ. ಟಕ್ ಅಂತ ಮುರಿದರೆ ಆಯಿತು. ಗುಳ್ಳೆ ನೋಡಿಯೂ ಹೇಳಬಹುದು. ಮೊದಲು ಗುಳ್ಳೆಗಳು ದೊಡ್ಡದಾಗಿ, ಗಡಿಬಿಡಿಯಲ್ಲಿ ಎದ್ದು ಒಡೆಯುತ್ತವೆ, ಹಬೆ ಜಾಸ್ತಿ. ಆಮೇಲೆ ಹಬೆ ಇಳಿಯುತ್ತದೆ, ಗುಳ್ಳೆ ದಪ್ಪಗಾಗಿ ಸೋಮಾರಿಯಾಗುತ್ತವೆ, ಅಂಚಿನಲ್ಲಿ ತಿಳಿ ಹೊಂಬಣ್ಣ ಕಾಣುತ್ತದೆ. ಅಲ್ಲಿಂದ ಮುಂದೆ ಬಾಗಿಲು ಬಿಟ್ಟು ಕದಲಬೇಡಿ. 20-30 ಸೆಕೆಂಡಿಗೊಮ್ಮೆ ನಿಲ್ಲಿಸಿ ನೋಡಿ. ಜೇನಿನ ಬಣ್ಣಕ್ಕೆ ಬಂದಾಗಲೇ ತೆಗೆಯಬೇಕು, ಯಾಕೆಂದರೆ ಬಿಸಿ ಗಾಜಿನ ಬೌಲ್ ಹೊರಗೆ ಬಂದ ಮೇಲೂ ಪಾಕವನ್ನು ಬೇಯಿಸುತ್ತಲೇ ಇರುತ್ತದೆ. 'ಇನ್ನೊಂದು ಅರ್ಧ ನಿಮಿಷ ಇರಲಿ' ಅಂದವರದ್ದೇ ಆ ಕಹಿ ಬ್ರಿಟಲ್.

ಪ್ರಶ್ನೆ: ನಂಬಬಹುದಾದ ಒಂದು ಅಳತೆ ಕೊಡಿ.

ಸಕ್ಕರೆ 1 ಕಪ್, ಕಾರ್ನ್ ಸಿರಪ್ ಅರ್ಧ ಕಪ್, ಹಸಿ ಕಡಲೆಕಾಯಿ ಬೀಜ 1 ಕಪ್, ಬೆಣ್ಣೆ 1 ಟೇಬಲ್ ಚಮಚ, ಅಡುಗೆ ಸೋಡಾ ಮಟ್ಟಸವಾಗಿ 1 ಟೀ ಚಮಚ, ವೆನಿಲಾ 1 ಟೀ ಚಮಚ, ಉಪ್ಪು. ಉಪ್ಪು ಚಿಟಿಕೆ ಅಂತಾರೆ, ನಾನು ಧಾರಾಳವಾಗಿ ಹಾಕುವವಳು. ಉಪ್ಪಿಲ್ಲದ ಬ್ರಿಟಲ್ ಬರೀ ಸಿಹಿ, ಎರಡು ತುಂಡಿಗೆ ಬಾಯಿ ಕಟ್ಟುತ್ತದೆ.

1000 ವ್ಯಾಟ್ ಲೆಕ್ಕದಲ್ಲಿ ಸಕ್ಕರೆ, ಸಿರಪ್ ಕಲಸಿ ಹೈನಲ್ಲಿ 4 ನಿಮಿಷ. ಬೀಜ, ಉಪ್ಪು ಹಾಕಿ ತಿರುಗಿಸಿ ಸುಮಾರು 3 ನಿಮಿಷ. ಬೆಣ್ಣೆ, ವೆನಿಲಾ ಹಾಕಿ 1 ನಿಮಿಷ, ಬಣ್ಣ ಬರದಿದ್ದರೆ ಇನ್ನೂ ಸ್ವಲ್ಪ. ಕೊನೆಗೆ ಸೋಡಾ. ತಕ್ಷಣ ಬೆಣ್ಣೆ ಸವರಿದ ತಟ್ಟೆಗೆ ಸುರಿಯಿರಿ. ತಟ್ಟೆ ಮೊದಲೇ ಸವರಿಟ್ಟಿರಬೇಕು, ಸೋಡಾ ಅಳೆದಿಟ್ಟಿರಬೇಕು. ಆಮೇಲೆ ಹುಡುಕಲು ಹೋದರೆ ಪಾಕ ಬೌಲಿನಲ್ಲೇ ಕೂತುಬಿಡುತ್ತದೆ. ಮೈಕ್ರೋ ಮೋಡ್‌ನಲ್ಲಿ ಮಾತ್ರ ಮಾಡಿ, ಗ್ರಿಲ್ ಬೇಡ.

ಒಂದೇ ಸಲಕ್ಕೆ ಅಳತೆ ಎರಡರಷ್ಟು ಮಾಡುವ ಆಸೆ ಬಿಡಿ. ಸಮಯ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ, ಒಂದು ಕಡೆ ಹಸಿ ಇನ್ನೊಂದು ಕಡೆ ಕಪ್ಪು. ಉಕ್ಕಿದರೆ ಓವನ್ ತೊಳೆಯುವ ಕೆಲಸ ಬೇರೆ.

ಪ್ರಶ್ನೆ: ಕಾರ್ನ್ ಸಿರಪ್ ಸಿಗಲಿಲ್ಲ. ಬರೀ ಸಕ್ಕರೆ, ನೀರು ಹಾಕಿದೆ. ಪಾಕ ಇದ್ದಕ್ಕಿದ್ದಂತೆ ಬೆಳ್ಳಗೆ ಮರಳು ಮರಳಾಯಿತು.

ಸಕ್ಕರೆ ಮತ್ತೆ ಹರಳುಗಟ್ಟಿತು. ಅದಕ್ಕೆ ಒಂದೇ ಜಾತಿಯ ಕಣ ಸಿಕ್ಕರೆ ಸಾಕು, ಸಾಲಾಗಿ ಜೋಡಿಸಿಕೊಂಡು ಬಿಡುತ್ತದೆ. ಸಿರಪ್‌ನಲ್ಲಿರುವ ಗ್ಲುಕೋಸ್ ನಡುವೆ ನುಗ್ಗಿ ಆ ಜೋಡಣೆ ಕೆಡಿಸುತ್ತದೆ. ಸಿರಪ್ ಇಲ್ಲದಿದ್ದರೆ 1 ಕಪ್ ಸಕ್ಕರೆಗೆ 3-4 ಚಮಚ ನೀರು, ಅರ್ಧ ಟೀ ಚಮಚ ನಿಂಬೆರಸ ಹಾಕಿ. ಹುಳಿ ಮತ್ತು ಬಿಸಿ ಸೇರಿ ಸಕ್ಕರೆಯ ಒಂದು ಪಾಲನ್ನು ಗ್ಲುಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತವೆ, ಕೆಲಸ ನಡೆಯುತ್ತದೆ. ಕುದಿ ಬಂದ ಮೇಲೆ ಸುಮ್ನೆ ತಿರುಗಿಸುತ್ತಾ ಇರಬೇಡಿ. ಬೌಲ್ ಅಂಚಿಗೆ ಹತ್ತಿದ ಹರಳು ಒಳಗೆ ಬಿದ್ದರೂ ಮತ್ತೆ ಅದೇ ಕತೆ. ಜೇನೂ ಆಗುತ್ತದೆ, ಆದರೆ ಅದು ಬೇಗ ಕೆಂಪಾಗುತ್ತದೆ. ಬಣ್ಣ ನಂಬದೆ ತಣ್ಣೀರಿನ ಪರೀಕ್ಷೆ ಮಾಡಿ. ಕಂದು ಸಕ್ಕರೆಗೂ ಇದೇ ಮಾತು, ಅದರಲ್ಲಿ ಬಣ್ಣ ನೋಡಿ ಏನೂ ಗೊತ್ತಾಗುವುದಿಲ್ಲ.

ಮರಳಾದ ಪಾಕ ಚೆಲ್ಲಬೇಡಿ. ಬೀಜ ಹಾಕುವ ಮೊದಲೇ ಹಾಗಾಗಿದ್ದರೆ ಸ್ವಲ್ಪ ನೀರು ಹಾಕಿ ಕರಗಿಸಿ, ಮೊದಲಿಂದ ಕುದಿಸಿ.

ಪ್ರಶ್ನೆ: ಸೋಡಾ ಯಾಕೆ? ಬೇಕಿಂಗ್ ಪೌಡರ್ ಹಾಕಬಹುದಾ?

ಸೋಡಾ ಬಿದ್ದ ಕೂಡಲೇ ಬೌಲ್ ಒಳಗೆ ನೋಡಿ, ಇಡೀ ಕೆಲಸದಲ್ಲಿ ನನಗೆ ಇಷ್ಟವಾದ ಗಳಿಗೆ ಅದು. ಪಾರದರ್ಶಕವಾಗಿದ್ದ ಪಾಕ ಸರ್ರನೆ ಉಬ್ಬಿ, ಮಸುಕಾಗಿ, ಕೆನೆ ಬೆರೆತ ಬಣ್ಣಕ್ಕೆ ತಿರುಗುತ್ತದೆ. ಪಾಕದಲ್ಲಿನ ಹುಳಿ ಮತ್ತು ಬಿಸಿಗೆ ಸೋಡಾ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆ ಗುಳ್ಳೆಗಳು ಹಾಗೇ ಗಟ್ಟಿಯಾದಾಗ ಬ್ರಿಟಲ್ ಹಗುರವಾಗುತ್ತದೆ, ಹಲ್ಲಿಗೆ ಕಷ್ಟ ಕೊಡದೆ ಒಡೆಯುತ್ತದೆ. ಸೋಡಾ ಬಣ್ಣವನ್ನೂ ಸ್ವಲ್ಪ ಗಾಢ ಮಾಡುತ್ತದೆ. ಹಾಕದಿದ್ದರೆ ನಡೆಯುತ್ತದೆ, ಆಗ ಕಲ್ಲಿನಷ್ಟು ಗಟ್ಟಿ. ಬೇಕಿಂಗ್ ಪೌಡರ್‌ನಲ್ಲಿ ಸೋಡಾ ಇರುವುದೇ ಒಂದು ಪಾಲು, ಉಳಿದದ್ದು ಹುಳಿ ಪುಡಿ ಮತ್ತು ಗಂಜಿ ಹಿಟ್ಟು, ಅದು ಬೇಡ. ಹಾಕುವ ಮೊದಲು ಸೋಡಾದ ಗಂಟು ಒಡೆಯಿರಿ. ಗಂಟು ಬಾಯಿಗೆ ಸಿಕ್ಕಿದರೆ ಸೋಪು ತಿಂದ ಹಾಗೆ. ನೊರೆ ಎದ್ದ ಮೇಲೆ ಜಾಸ್ತಿ ತಿರುಗಿಸಬೇಡಿ, ಗಾಳಿ ಹೋಗುತ್ತದೆ.

ಪ್ರಶ್ನೆ: ಮೈಕ್ರೋವೇವ್‌ಗೆ ಆಗುತ್ತದೆ ಅಂತ ಬರೆದಿರುವ ಪ್ಲಾಸ್ಟಿಕ್ ಬೌಲ್ ಇದೆ. ನಡೆಯುತ್ತಾ?

ಇಲ್ಲ. ಆ ಬರಹ ಊಟ ಬಿಸಿ ಮಾಡುವುದಕ್ಕೆ. ಸಕ್ಕರೆ ಪಾಕ ಕುದಿಯುವ ನೀರಿಗಿಂತ 50 ಡಿಗ್ರಿಯಷ್ಟು ಜಾಸ್ತಿ ಬಿಸಿ, ಪ್ಲಾಸ್ಟಿಕ್ ಮೆತ್ತಗಾಗಿ ಕುಸಿಯಬಹುದು. ಶಾಖ ತಡೆಯುವ, 2 ಲೀಟರ್ ಹಿಡಿಯುವ ಗಾಜಿನ ಬೌಲ್ ತೆಗೆದುಕೊಳ್ಳಿ. ಹೊರತೆಗೆದ ಮೇಲೆ ಒದ್ದೆ ಕಲ್ಲಿನ ಮೇಲೆ ಇಡಬೇಡಿ, ಫಟ್ ಅಂತ ಸೀಳಬಹುದು. ಒಣ ಬಟ್ಟೆ ಹಾಸಿ ಇಡಿ.

ಪ್ರಶ್ನೆ: ಗೋಡಂಬಿ, ಬಾದಾಮಿ ಹಾಕುವಾಗ ಏನು ಬದಲಿಸಬೇಕು?

ಹಸಿ ಬೀಜ ಪಾಕದಲ್ಲೇ ಬೇಯುತ್ತದೆ, ಆದ್ದರಿಂದ ನಡುವೆ ಹಾಕುವುದು. ಹುರಿದದ್ದಾದರೆ ಬೆಣ್ಣೆ ಜೊತೆ ಕೊನೆಗೆ ಹಾಕಿ, ಇಲ್ಲದಿದ್ದರೆ ಸುಟ್ಟ ವಾಸನೆ. ಫ್ರಿಜ್‌ನಿಂದ ತೆಗೆದ ತಣ್ಣನೆ ಬೀಜ ಹಾಕಿದರೆ ಪಾಕ ಅಲ್ಲೇ ಹೆಪ್ಪುಗಟ್ಟುತ್ತದೆ, ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಿ. ಬೀಜದ ಅಲರ್ಜಿ ಇರುವವರಿಗೆ ಕುಂಬಳ ಬೀಜ, ಸೂರ್ಯಕಾಂತಿ ಬೀಜ ಹಾಕಿ ಮಾಡಬಹುದು. ಅವೂ ಅವರಿಗೆ ಆಗುತ್ತವಾ ಅಂತ ಕೇಳಿಕೊಂಡು ಮಾಡಿ. ಪುಟ್ಟ ಮಕ್ಕಳಿಗೆ ಇಡೀ ಬೀಜದ ಬ್ರಿಟಲ್ ಬೇಡವೇ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ: ಕೈಗೆ ಪಾಕ ಸಿಡಿದರೆ?

ಹರಿಯುವ ತಣ್ಣೀರು, 20 ನಿಮಿಷ. ಐಸ್ ಬೇಡ, ಟೂತ್‌ಪೇಸ್ಟ್ ಬೇಡ. ಚರ್ಮಕ್ಕೆ ಅಂಟಿದ ಪಾಕ ಕಿತ್ತು ಎಳೆಯಬೇಡಿ. ದೊಡ್ಡ ಬೊಬ್ಬೆ ಎದ್ದರೆ ಡಾಕ್ಟರ ಹತ್ತಿರ ಹೋಗಿ. ಮಾಡುವಾಗ ಮಕ್ಕಳು ಅಡುಗೆಮನೆಯಲ್ಲಿ ಇರಬಾರದು, ಕೈಗೆ ದಪ್ಪ ಗವಸು ಇರಬೇಕು.

ಪ್ರಶ್ನೆ: ಮೊದಲ ದಿನ ಗರಿಗರಿ, ಎರಡು ದಿನಕ್ಕೆ ಮೇಲೆಲ್ಲ ಜಿಗುಟು. ಫ್ರಿಜ್‌ನಲ್ಲೇ ಇಟ್ಟಿದ್ದೆ.

ಫ್ರಿಜ್ಜೇ ಕಾರಣ ಇರಬೇಕು. ತಣ್ಣಗಿನ ತುಂಡು ಹೊರಗೆ ಬಂದ ಕೂಡಲೇ ಮೇಲೆ ನೀರು ಕೂರುತ್ತದೆ, ಸಕ್ಕರೆ ಅದನ್ನು ಕುಡಿಯುತ್ತದೆ. ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ, ಪದರದ ನಡುವೆ ಬೇಕಿಂಗ್ ಪೇಪರ್ ಹಾಕಿ ಹೊರಗೇ ಇಡಿ. ಬಿಸಿ ಇರುವಾಗ ಮುಚ್ಚಳ ಹಾಕಬೇಡಿ. ಮಳೆ ಸುರಿಯುವ ದಿನ ಮಾಡುವುದನ್ನು ಮುಂದೆ ಹಾಕಿದರೆ ಒಳ್ಳೆಯದು.

ಪ್ರಶ್ನೆ: ಬೌಲಿಗೆ ಅಂಟಿದ್ದನ್ನು ಕೆರೆದು ಕೆರೆದು ಕೈ ಸೋತಿತು.

ಕೆರೆಯೋದ್ಯಾಕೆ? ಸಕ್ಕರೆ ತಾನೇ. ಬೌಲ್ ಆರಿದ ಮೇಲೆ ಬೆಚ್ಚಗಿನ ನೀರು ತುಂಬಿಸಿ, ಚಮಚವನ್ನೂ ಅದರಲ್ಲೇ ಮುಳುಗಿಸಿ ಬಿಡಿ. ಊಟ ಮುಗಿಸಿ ಬರುವಷ್ಟರಲ್ಲಿ ಬಹುಪಾಲು ಕರಗಿರುತ್ತದೆ.