ಯುವಿ ಹಾಯಿಸಿದ ಪ್ಲೇಟ್‌ಲೆಟ್ ಐದನೇ ದಿನಕ್ಕೆ ಕಳಪೆಯಾಗುತ್ತದೆಯೇ?

ಕಲಬುರಗಿಯಲ್ಲಿ ಎಂಎಲ್‌ಟಿ (ವೈದ್ಯಕೀಯ ಲ್ಯಾಬ್ ತಂತ್ರಜ್ಞಾನ) ಓದುತ್ತಿರುವ ನೀವು ಕೇಳಿದ್ದು ಇಷ್ಟು: ರೋಗಾಣು ಸಾಯಿಸಲೆಂದು ಯುವಿ (ನೇರಳಾತೀತ) ಬೆಳಕು ಹಾಯಿಸಿದರೆ ಪ್ಲೇಟ್‌ಲೆಟ್‌ಗೂ ಪೆಟ್ಟು ಬೀಳುವುದಿಲ್ಲವೇ, ಶೇಖರಿಸಿಟ್ಟ ಐದನೇ ದಿನಕ್ಕೆ ಅದು ಯುವಿ ಹಾಯಿಸದ ಸಾಮಾನ್ಯ ಚೀಲಕ್ಕಿಂತ ಕಳಪೆಯಾಗಿದ್ದರೆ ರೋಗಿಗೆ ಏಕೆ ಕೊಡಬೇಕು?

ಪೆಟ್ಟು ಬೀಳುತ್ತದೆ. ಆದರೆ ರಕ್ತಸ್ರಾವ ತಡೆಯುವ ಮುಖ್ಯ ಕೆಲಸ ಅದರಿಂದ ನಿಲ್ಲುವುದಿಲ್ಲ. ನಮ್ಮ ಬಿಸಿಲ ನಾಡಿನಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಬೇರೆ: ಸಂಸ್ಕರಿಸಿದ ಪ್ಲೇಟ್‌ಲೆಟ್‌ಗೆ ನಮ್ಮ ಅಜಾಗರೂಕತೆಯನ್ನು ತಾಳಿಕೊಳ್ಳುವ ಕಸುವು ಕಡಿಮೆ.

ಮುಖ್ಯವಾಗಿ ಮೂರು ವಿಧಾನಗಳಿವೆ. ಇಂಟರ್‌ಸೆಪ್ಟ್‌ನಲ್ಲಿ ಅಮೊಟೊಸಲೆನ್ ಎಂಬ ರಾಸಾಯನಿಕ ಬೆರೆಸಿ ಯುವಿಎ ಹಾಯಿಸುತ್ತಾರೆ. ಅಮೊಟೊಸಲೆನ್ ಡಿಎನ್‌ಎ, ಆರ್‌ಎನ್‌ಎ ಎಳೆಗಳ ನಡುವೆ ಸೇರಿಕೊಂಡು ಬೆಳಕು ಬಿದ್ದಾಗ ಅವನ್ನು ಬೆಸೆದುಬಿಡುತ್ತದೆ. ಉಳಿದ ರಾಸಾಯನಿಕವನ್ನು ಹೀರಿಕೊಳ್ಳುವ ಚೀಲದಲ್ಲಿ, ಕಿಟ್‌ಗೆ ತಕ್ಕಂತೆ, 6ರಿಂದ 24 ಗಂಟೆ ಇಡಬೇಕು. ಚೀಲದಿಂದ ಚೀಲಕ್ಕೆ ದಾಟಿಸುವಾಗ ಒಂದಿಷ್ಟು ಪ್ಲೇಟ್‌ಲೆಟ್ ಅಲ್ಲಲ್ಲೇ ಉಳಿದು ನಷ್ಟವಾಗುತ್ತದೆ. ಮಿರಾಸೋಲ್‌ನಲ್ಲಿ ರೈಬೋಫ್ಲಾವಿನ್, ಅಂದರೆ ವಿಟಮಿನ್ ಬಿ2, ಬೆರೆಸಿ ಪ್ರತಿ ಮಿಲಿಲೀಟರಿಗೆ 6.24 ಜೂಲ್ ಯುವಿ ಕೊಡುತ್ತಾರೆ. ಆಮೇಲೆ ಏನನ್ನೂ ತೆಗೆಯಬೇಕಿಲ್ಲ. ಥೆರಾಫ್ಲೆಕ್ಸ್‌ನಲ್ಲಿ ರಾಸಾಯನಿಕವೇ ಇಲ್ಲ, 254 ನ್ಯಾನೋಮೀಟರ್ ಯುವಿಸಿ ಬೆಳಕು ಮಾತ್ರ. ಯಾವುದರಲ್ಲೇ ಆಗಲಿ ಚೀಲದಲ್ಲಿ ಕೆಂಪು ರಕ್ತಕಣ ಹೆಚ್ಚಿದ್ದರೆ ಬೆಳಕನ್ನು ಅವೇ ಹೀರಿಕೊಳ್ಳುತ್ತವೆ, ರೋಗಾಣು ಉಳಿದುಬಿಡುತ್ತದೆ. ಹಾಗಾಗಿ ಗುಲಾಬಿ ಬಣ್ಣಕ್ಕೆ ತಿರುಗಿದ ಚೀಲವನ್ನು ಯಂತ್ರಕ್ಕೆ ಹಾಕಲೇಬಾರದು.

ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವಿಲ್ಲ, ಮತ್ತೆ ಹಾನಿ ಎಲ್ಲಿಂದ? ಅದರೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಇದೆ, ಅದಕ್ಕೆ ತನ್ನದೇ ಡಿಎನ್‌ಎ ಇದೆ. ಜೊತೆಗೆ ಬೆಳಕಿನಿಂದ ಹುಟ್ಟುವ ಆಮ್ಲಜನಕದ ಚುರುಕು ಕಣಗಳು ಪ್ರೋಟೀನ್‌ಗಳನ್ನೂ ಪೊರೆಯನ್ನೂ ತಾಗುತ್ತವೆ. ಮೈಟೊಕಾಂಡ್ರಿಯಾ ಸೊರಗಿದಾಗ ಪ್ಲೇಟ್‌ಲೆಟ್ ಶಕ್ತಿಗಾಗಿ ಗ್ಲೂಕೋಸನ್ನು ಬೇಗ ಬೇಗ ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಮ್ಲ) ಮಾಡುತ್ತದೆ. ಆಮ್ಲವನ್ನು ತಡೆಯುವ ಬೈಕಾರ್ಬೊನೇಟ್ ಖರ್ಚಾಗುತ್ತದೆ, ಪಿಎಚ್ ಇಳಿಯುತ್ತದೆ. ಪಿಎಚ್ 6.2ರ ಕೆಳಗೆ ಹೋದರೆ ತಟ್ಟೆಯಾಕಾರದ ಕಣಗಳು ಗುಂಡಗಾಗುತ್ತವೆ. ಅಂಥವು ರೋಗಿಯ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಲ್ಯಾಬಿನಲ್ಲಿ ಅಳೆದರೆ ಪಿ-ಸೆಲೆಕ್ಟಿನ್ (ಪ್ಲೇಟ್‌ಲೆಟ್ ಮೊದಲೇ ಕೆರಳಿದೆ ಎಂದು ತೋರಿಸುವ ಪ್ರೋಟೀನ್) ಏರಿರುತ್ತದೆ, ಹೈಪೊಟಾನಿಕ್ ಶಾಕ್ ಪರೀಕ್ಷೆಯ (ನೀರು ಹೀರಿ ಊದಿದ ಕಣ ಮತ್ತೆ ಮೊದಲಿನಂತಾಗುತ್ತದೆಯೇ ಎಂಬ ಪರೀಕ್ಷೆ) ಫಲ ಇಳಿದಿರುತ್ತದೆ.

ಉಪಕರಣವಿಲ್ಲದೆಯೂ ಇದನ್ನು ನೋಡಬಹುದು. ಚೀಲವನ್ನು ಟ್ಯೂಬ್‌ಲೈಟಿನ ಎದುರು ಹಿಡಿದು ಬೆರಳಿಂದ ಮೆಲ್ಲಗೆ ಒತ್ತಿ ಬಿಡಿ. ಒಳಗೆ ಹೊಳೆಯುವ ಸುಳಿ ಎದ್ದರೆ ಕಣಗಳು ಇನ್ನೂ ತಟ್ಟೆಯಾಕಾರದಲ್ಲಿವೆ. ಇದಕ್ಕೆ ಸ್ವರ್ಲಿಂಗ್ ಎನ್ನುತ್ತೇವೆ. ಸುಳಿಯೇ ಏಳದೆ ಮಂಕಾಗಿ ನಿಂತರೆ ಪಿಎಚ್ ನೋಡದೆ ವಾರ್ಡಿಗೆ ಕಳಿಸಬೇಡಿ.

ರೋಗಿಯ ಮೈಯಲ್ಲಿ ಏನಾಗುತ್ತದೆ? ಅಮೊಟೊಸಲೆನ್ ವಿಧಾನದ ಪ್ಲೇಟ್‌ಲೆಟ್‌ಗಳನ್ನು 5 ದಿನ ಇಟ್ಟು ಆರೋಗ್ಯವಂತ ದಾನಿಗಳಿಗೇ ಮರಳಿ ಕೊಟ್ಟು ಅಳೆದಾಗ, ಸಾಮಾನ್ಯ ಪ್ಲೇಟ್‌ಲೆಟ್‌ಗೆ ಹೋಲಿಸಿದರೆ ರಕ್ತದಲ್ಲಿ ಉಳಿದ ಪಾಲು ಸುಮಾರು ಶೇ 50ರಿಂದ 42ಕ್ಕೆ, ಬದುಕಿದ ಅವಧಿ ಸುಮಾರು 6 ದಿನದಿಂದ 5ಕ್ಕೆ ಇಳಿದಿತ್ತು. ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2017ರ ಕಾಕ್ರೇನ್ ಪರಿಶೀಲನೆಯೂ ಇದೇ ದಿಕ್ಕಿನಲ್ಲಿದೆ: ರೋಗಿಯ ಪ್ಲೇಟ್‌ಲೆಟ್ ಕೌಂಟ್ ಕಡಿಮೆ ಏರುತ್ತದೆ, ಹೆಚ್ಚು ಸಲ ಪ್ಲೇಟ್‌ಲೆಟ್ ಕೊಡಬೇಕಾಗುತ್ತದೆ, ಆದರೆ ಗಂಭೀರ ರಕ್ತಸ್ರಾವದಲ್ಲಾಗಲಿ ಸಾವಿನಲ್ಲಾಗಲಿ ವ್ಯತ್ಯಾಸ ಕಂಡಿಲ್ಲ. ಇದಕ್ಕೆ ಪ್ರತಿಯಾಗಿ ಸಿಗುವುದು ಚಿಕ್ಕದಲ್ಲ. 22 ಡಿಗ್ರಿಯಲ್ಲಿ ಇಡುವ ಚೀಲದಲ್ಲಿ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯುತ್ತದೆ. ಕೀಮೋ ಪಡೆಯುತ್ತಿರುವ ರೋಗಿಗೆ ಅದು ಜೀವಕ್ಕೇ ಅಪಾಯ; ಯುವಿ ಅದನ್ನು ತಡೆಯುತ್ತದೆ. ಡೆಂಗಿ ನಮ್ಮಲ್ಲಿ ದಾನದ ರಕ್ತದಲ್ಲಿ ಕಡ್ಡಾಯವಾಗಿ ಪರೀಕ್ಷಿಸುವ ಐದು ಸೋಂಕುಗಳಲ್ಲಿಲ್ಲ, ಆ ವೈರಸ್ಸೂ ಇದರಲ್ಲಿ ನಿಷ್ಕ್ರಿಯವಾಗುತ್ತದೆ. ಹೊರಪೊರೆಯಿಲ್ಲದ ಹೆಪಟೈಟಿಸ್ ಎ, ಇ ವೈರಸ್‌ಗಳಿಗೆ ಮತ್ತು ಬ್ಯಾಕ್ಟೀರಿಯಾದ ಗಟ್ಟಿ ಕವಚದ ಸ್ಪೋರ್‌ಗಳಿಗೆ ಮಾತ್ರ ಇದನ್ನು ನಂಬಿ ಕೂರುವಂತಿಲ್ಲ.

ಇನ್ನು ನಮ್ಮ ಕೈಯಲ್ಲಿರುವ ಕೆಲಸ. ಚೀಲಗಳನ್ನು ಅಜಿಟೇಟರ್ (ಮೆಲ್ಲಗೆ ಅಲುಗಾಡಿಸುತ್ತಿರುವ ಯಂತ್ರ) ಮೇಲೆ ಒಂದರ ಮೇಲೊಂದು ಪೇರಿಸಬೇಡಿ, ದೊಡ್ಡ ಲೇಬಲ್ ಅಂಟಿಸಬೇಡಿ. ಆಮ್ಲಜನಕ ಒಳಹೋಗುವುದು ಆ ಪ್ಲಾಸ್ಟಿಕ್ ಗೋಡೆಯಿಂದಲೇ; ಅದು ಮುಚ್ಚಿದರೆ ಮತ್ತೆ ಲ್ಯಾಕ್ಟೇಟ್. ಕರೆಂಟ್ ಹೋದಾಗ ಅಜಿಟೇಟರ್ ನಿಲ್ಲದಂತೆ ಯುಪಿಎಸ್ ಬೇಕೇ ಬೇಕು, ಇನ್‌ಕ್ಯುಬೇಟರ್ ಕೂಡ ಅದರ ಮೇಲೇ ಇರಲಿ, ಏಕೆಂದರೆ ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇದ್ದಾಗ ಎಸಿ ನಿಂತ ಕೋಣೆ ಬೇಗ ಕಾಯುತ್ತದೆ. ಸುರಪುರಕ್ಕೋ ಶಹಾಪುರಕ್ಕೋ ಕಳಿಸುವಾಗ ರೋಗಿಯ ಕಡೆಯವರು ಐಸ್ ಡಬ್ಬಿ ತರುತ್ತಾರೆ. ರಕ್ತಕ್ಕೆ ಐಸ್ ಸರಿ, ಪ್ಲೇಟ್‌ಲೆಟ್‌ಗೆ ಬೇಡ: ತಣ್ಣಗಾದ ಪ್ಲೇಟ್‌ಲೆಟ್‌ಗಳನ್ನು ಯಕೃತ್ತು ಬೇಗನೆ ಹಿಡಿದು ತೆಗೆದುಹಾಕುತ್ತದೆ. ಥರ್ಮೊಕೋಲ್ ಪೆಟ್ಟಿಗೆಯಲ್ಲಿ 22 ಡಿಗ್ರಿಗೆ ತಂದಿಟ್ಟ ಜೆಲ್ ಪ್ಯಾಕ್ ಹಾಕಿ, ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ ಎಂದು ಬಾಯಿಬಿಟ್ಟು ಹೇಳಿ.

ಕೌಂಟ್ ಏರಲಿಲ್ಲ ಎಂದು ವಾರ್ಡಿನಿಂದ ಫೋನ್ ಬಂದರೆ ಯುವಿಯನ್ನು ದೂರುವ ಮೊದಲು ಸಿಸಿಐ (ರೋಗಿಯ ಮೈಗಾತ್ರ, ಕೊಟ್ಟ ಪ್ರಮಾಣಕ್ಕೆ ಸರಿಹೊಂದಿಸಿದ ಕೌಂಟ್ ಏರಿಕೆ) ಲೆಕ್ಕ ಹಾಕಿ: ಏರಿದ ಕೌಂಟನ್ನು ರೋಗಿಯ ದೇಹದ ಮೇಲ್ಮೈ ವಿಸ್ತೀರ್ಣದಿಂದ ಗುಣಿಸಿ, ಕೊಟ್ಟ ಪ್ಲೇಟ್‌ಲೆಟ್ ಸಂಖ್ಯೆಯಿಂದ (10ರ 11ನೇ ಘಾತದ ಲೆಕ್ಕದಲ್ಲಿ) ಭಾಗಿಸಿ. 8,000 ಇದ್ದದ್ದು ಒಂದು ಗಂಟೆಯೊಳಗೆ 28,000 ಆಗಿ, ವಿಸ್ತೀರ್ಣ 1.6 ಚದರ ಮೀಟರ್, ಕೊಟ್ಟದ್ದು 3 ಆದರೆ ಸುಮಾರು 10,700 ಬರುತ್ತದೆ. 7,500ರ ಮೇಲಿದ್ದರೆ ಸರಿ. ಒಂದು ಗಂಟೆಯದ್ದು ಚೆನ್ನಾಗಿದ್ದು 24 ಗಂಟೆಯದ್ದು ಬಿದ್ದರೆ ಜ್ವರ, ಸೋಂಕು ಇವುಗಳ ಕಡೆ ನೋಡಿ. ಒಂದು ಗಂಟೆಯದ್ದೇ ಎರಡು ಸಲ ಬಿದ್ದರೆ ಎಚ್‌ಎಲ್‌ಎ ಪ್ರತಿಕಾಯಗಳ (ಬೇರೆಯವರ ಪ್ಲೇಟ್‌ಲೆಟ್ ಮೇಲಿನ ಗುರುತುಗಳ ವಿರುದ್ಧ ರೋಗಿಯ ದೇಹ ಮಾಡಿಕೊಳ್ಳುವವು) ಪರೀಕ್ಷೆಗೆ ಬರೆಯಲು ಡಾಕ್ಟರಿಗೆ ತಿಳಿಸಿ.