ದುಡ್ಡು ಕೊಟ್ಟು ತೆಗೆಸಿದ ಫೋಟೊ ಯಾರದು?

ಫೋಟೊ ಮತ್ತು ಖಾಸಗಿತನದ ಬಗ್ಗೆ ಬಂದ ಪ್ರಶ್ನೆಗಳಿಗೆ ಸೈಬರ್ ಕೇಸುಗಳನ್ನು ನಡೆಸುವ ವಕೀಲರ ಉತ್ತರ

ಪ್ರಶ್ನೆ: ತಿಪಟೂರಿನಲ್ಲಿ ನನ್ನದೊಂದು ಫೋಟೊ ಸ್ಟುಡಿಯೋ ಇದೆ. ಕಳೆದ ಸೀಸನ್‌ನಲ್ಲಿ ತೆಗೆದ ಒಬ್ಬ ಮದುಮಗಳ ಫೋಟೊ ತುಂಬಾ ಚೆನ್ನಾಗಿ ಬಂದಿತ್ತು. ಇನ್‌ಸ್ಟಾಗ್ರಾಂಗೆ ಹಾಕಿದೆ, ಅಂಗಡಿ ಮುಂದೆ ಫ್ಲೆಕ್ಸ್ ಕೂಡ ಕಟ್ಟಿಸಿದೆ. ಮೊನ್ನೆ ಅವರ ಅಣ್ಣ ಬಂದು ‘ಯಾರನ್ನ ಕೇಳಿ ಹಾಕಿದ್ರಿ’ ಎಂದು ಜಗಳ ಮಾಡಿ ಹೋದರು. ಕ್ಯಾಮೆರಾ ನನ್ನದು, ಕೆಲಸ ನನ್ನದು. ಫೋಟೊ ನನ್ನದೇ ಅಲ್ವಾ?

ಉತ್ತರ: ಅಲ್ಲ. ಬೇಜಾರಾದರೂ ವಿಷಯ ಇದು. 1957ರ ಕಾಪಿರೈಟ್ ಕಾಯ್ದೆಯಲ್ಲಿ 17ನೇ ಸೆಕ್ಷನ್ ಅಂತ ಒಂದಿದೆ. ನೀವು ನಿಮ್ಮ ಪಾಡಿಗೆ ತೆಂಗಿನ ತೋಟದಲ್ಲಿ ನಿಂತು ಮುಳುಗುವ ಸೂರ್ಯನ ಫೋಟೊ ತೆಗೆದರೆ ಅದು ನಿಮ್ಮದು. ಆದರೆ ಯಾರೋ ದುಡ್ಡು ಕೊಟ್ಟು, ಹೇಳಿ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಕ್ಕು ತೆಗೆಸಿದವರದು. ಅಡ್ವಾನ್ಸ್ ಕೊಟ್ಟು ಬುಕ್ ಮಾಡಿದ್ದು ಹುಡುಗಿಯ ಅಪ್ಪನಾದರೆ ಆ ಫೋಟೊ ಅಪ್ಪನದು. ಎಷ್ಟೋ ವರ್ಷ ಸ್ಟುಡಿಯೋ ನಡೆಸಿದವರಿಗೂ ಇದು ಗೊತ್ತಿರುವುದಿಲ್ಲ.

ಸರಿ, ಮುಂದಿನ ಸಲ ‘ಕಾಪಿರೈಟ್ ಸ್ಟುಡಿಯೋದ್ದು’ ಎಂದು ರಸೀದಿಯಲ್ಲಿ ಅಚ್ಚು ಹಾಕಿಸಿದಿರಿ ಅಂತಿಟ್ಟುಕೊಳ್ಳಿ. ಆಗಲೂ ನಿಮ್ಮದಾಗುವುದು ಫೋಟೊ ಮಾತ್ರ, ಮುಖ ಅಲ್ಲ. ಅನುಮತಿ ಇಲ್ಲದೆ ಒಬ್ಬರ ಹೆಸರು, ಚಹರೆಯನ್ನು ಜಾಹೀರಾತಿಗೆ ಬಳಸಿದರೆ ಅದು ಖಾಸಗಿತನದ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 1994ರಲ್ಲೇ ಹೇಳಿದೆ. ನಿಮ್ಮ ಫ್ಲೆಕ್ಸ್ ಜಾಹೀರಾತಲ್ಲದೆ ಇನ್ನೇನು? 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂದಿತು. ಆ ಕೇಸಿಗೆ ಹೆಸರು ಬಂದಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರಿಂದ.

ಇವತ್ತೇ ಫ್ಲೆಕ್ಸ್ ಇಳಿಸಿ, ಪೋಸ್ಟ್ ಅಳಿಸಿ. ಆಮೇಲೆ ಫೋನ್ ಮಾಡಿ ಕ್ಷಮೆ ಕೇಳಿ. ಆದರೆ ಅಣ್ಣನಿಗಲ್ಲ, ಆ ಹೆಣ್ಣುಮಗಳಿಗೆ. ನಿಮ್ಮ ಪತ್ರದಲ್ಲಿ ನನಗೆ ಎದ್ದು ಕಂಡದ್ದು ಇದೇ. ಹಾಕುವಾಗ ನೀವು ಅವರನ್ನು ಕೇಳಲಿಲ್ಲ. ತೆಗೆಯಿರಿ ಎನ್ನುವಾಗ ಅಣ್ಣ ಕೇಳಿದ್ದರೋ ಇಲ್ಲವೋ! ಅವರಿಗೆ ಫ್ಲೆಕ್ಸ್ ಇಷ್ಟವಾಗಿದ್ದರೂ ಇರಬಹುದು. ಇನ್ನು ಮುಂದೆ ಬುಕಿಂಗ್ ಫಾರಂನಲ್ಲಿ ಎರಡು ಪ್ರಶ್ನೆ ಸೇರಿಸಿ: ಅಂಗಡಿಯ ಸ್ಯಾಂಪಲ್ ಆಲ್ಬಂನಲ್ಲಿ ತೋರಿಸಬಹುದಾ, ಇಂಟರ್ನೆಟ್ಟಿಗೆ ಹಾಕಬಹುದಾ. ಎರಡಕ್ಕೂ ಬೇರೆ ಬೇರೆ ಸಹಿ. ಸಹಿ ದುಡ್ಡು ಕೊಡುವವರದಷ್ಟೇ ಸಾಲದು, ಮದುಮಗಳು, ಮದುಮಗ ಇಬ್ಬರದೂ ಬೇಕು.

ಪ್ರಶ್ನೆ: ನನ್ನ ನಾದಿನಿ ನನ್ನ ಎರಡು ವರ್ಷದ ಮಗನಿಗೆ ಎಣ್ಣೆ ಹಚ್ಚಿ ಎರೆಯುವ ಫೋಟೊ ಫೇಸ್‌ಬುಕ್ಕಿಗೆ ಹಾಕಿದ್ದಾಳೆ. ಮೈಮೇಲೆ ಉಡದಾರ ಬಿಟ್ಟರೆ ಏನೂ ಇಲ್ಲ. ತೆಗಿ ಅಂದರೆ ‘ನಮ್ಮ ಕೂಸಲ್ಲೇನ ವೈನಿ, ಅದರಾಗ ಏನೈತಿ’ ಅಂತಾಳೆ. ಯಜಮಾನರು ಬಾಯಿ ಬಿಡುತ್ತಿಲ್ಲ. ಪೊಲೀಸರಿಗೆ ಹೇಳಲೇ? – ಹುಬ್ಬಳ್ಳಿಯ ಓದುಗರು

ಉತ್ತರ: ಪೊಲೀಸರು ಬೇಡ್ರಿ. ಅವರು ಮಾಡಿದ್ದು ಪ್ರೀತಿಯಿಂದಲೇ, ಅಪರಾಧವಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯೂ ಜನ ತಮ್ಮ ಸ್ವಂತಕ್ಕೆ, ಮನೆ ಮಟ್ಟಿಗೆ ಮಾಡುವುದಕ್ಕೆ ಅನ್ವಯಿಸುವುದಿಲ್ಲ. ಹಾಗಂತ ನಿಮ್ಮ ಆತಂಕ ಸುಮ್ನೆ ಅಲ್ಲ. ಕೂಸು ನಿಮ್ಮದೇ, ನೋಡುವವರೆಲ್ಲ ನಿಮ್ಮವರಲ್ಲ. ಒಮ್ಮೆ ಯಾರೋ ಉಳಿಸಿಕೊಂಡ ಫೋಟೊವನ್ನು ವಾಪಸ್ ತರಲು ಆಗುವುದಿಲ್ಲ.

ಮಗುವಿನ ಬೆತ್ತಲೆ ಫೋಟೊವನ್ನು, ಹಾಕಿದವರ ಮನಸ್ಸು ಒಳ್ಳೆಯದಿದ್ದರೂ, ಫೇಸ್‌ಬುಕ್ ಉಳಿಸಿಕೊಳ್ಳುವುದಿಲ್ಲ. ಪೋಸ್ಟಿನ ಮೂರು ಚುಕ್ಕೆ ಒತ್ತಿ ರಿಪೋರ್ಟ್ ಮಾಡಬಹುದು. ಆದರೆ ಅದಕ್ಕೂ ಮೊದಲು ಯಜಮಾನರು ಬಾಯಿ ಬಿಡಬೇಕು. ತಂಗಿಗೆ ಅಣ್ಣ ಹೇಳಿದರೆ ಆ ಮಾತಿನ ತೂಕವೇ ಬೇರೆ. ಜೊತೆಗೆ ಅಂಗಿ ಚಡ್ಡಿ ಹಾಕಿದ ಒಂದು ಚೆಂದದ ಫೋಟೊ ಆರಿಸಿ ನಾದಿನಿಗೆ ನೀವೇ ಕಳಿಸಿ, ‘ಇದನ್ನ ಹಾಕವ್ವಾ’ ಅನ್ನಿ. ಸ್ಕೂಲ್ ಯೂನಿಫಾರ್ಮು, ಕೊರಳಲ್ಲಿ ಐಡಿ ಕಾರ್ಡು ಇರುವುದು ಮಾತ್ರ ಮುಂದೆಯೂ ಬೇಡ.

ಪ್ರಶ್ನೆ: ನಂಜನಗೂಡು ಜಾತ್ರೆಯಲ್ಲಿ ಹವ್ಯಾಸಕ್ಕೆ ಫೋಟೊ ತೆಗೆಯುತ್ತೇನೆ. ಅಷ್ಟು ಜನರಲ್ಲಿ ಯಾರನ್ನ ಅಂತ ಕೇಳಲಿ? – ಮೈಸೂರಿನ ಓದುಗರು

ಉತ್ತರ: ತೇರು ಎಳೆಯುವ ಜನಸಾಗರಕ್ಕೆ ಅನುಮತಿ ಬೇಕಿಲ್ಲ. ಕಪಿಲೆಯ ಸ್ನಾನಘಟ್ಟದ ಕಡೆ ಮಾತ್ರ ಲೆನ್ಸ್ ತಿರುಗಿಸಬೇಡಿ. ಐಟಿ ಕಾಯ್ದೆಯ 66ಇ ಸೆಕ್ಷನ್, ಒಬ್ಬರ ಖಾಸಗಿ ಅಂಗದ ಚಿತ್ರವನ್ನು ಒಪ್ಪಿಗೆ ಇಲ್ಲದೆ ತೆಗೆದರೂ ಹಂಚಿದರೂ 3 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಅನ್ನುತ್ತದೆ. ‘ಸಾರ್ವಜನಿಕ ಜಾಗ ಸಾರ್’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. 2025ರಲ್ಲಿ ನಮ್ಮ ಮೆಟ್ರೊದಲ್ಲಿ ಹೆಂಗಸರನ್ನು ಕದ್ದು ಚಿತ್ರೀಕರಿಸಿ ಇನ್‌ಸ್ಟಾಗ್ರಾಂಗೆ ಹಾಕುತ್ತಿದ್ದವನನ್ನು ಪೊಲೀಸರು ಬಂಧಿಸಿದ್ದು ನೆನಪಿರಬಹುದು.

ಗುಂಪು ಬಿಟ್ಟು ಒಬ್ಬರದೇ ಮುಖ ತೆಗೆದಾಗ ಸ್ಕ್ರೀನ್ ತೋರಿಸಿ. ಹೂ ಮಾರುವ ಅಜ್ಜಿ ‘ಅಯ್ಯೋ, ಹಲ್ಲೆಲ್ಲ ಕಾಣ್ತದೆ, ಇನ್ನೊಂದು ತೆಗಿ ಮಗಾ’ ಅಂದರೆ ತೆಗೆಯುವುದಕ್ಕೆ ಒಪ್ಪಿದ್ದಾರೆ ಅಂತ ಅರ್ಥ. ಫೇಸ್‌ಬುಕ್ಕಿಗೆ ಹಾಕುವ ಮಾತು ಬೇರೆ. ಫೋನ್ ತೆರೆದು, ಇದು ಇಲ್ಲಿ ಬರುತ್ತದೆ, ಯಾರು ಬೇಕಾದರೂ ನೋಡಬಹುದು ಅಂತ ತೋರಿಸಿ ಕೇಳಿ. ಬೇಡ ಅಂದರೆ ಒಂದು ಪ್ರಿಂಟ್ ಹಾಕಿಸಿ ಕೊಟ್ಟು ಬನ್ನಿ.